ಹಳೆ ಬೈಕ್ ನೋಡ್ಲಿಕ್ಕೆ ಹೋಗುದಾದ್ರೆ ಇಂಜಿನ್ ತಣ್ಣಗಿರುವಾಗಲೇ ಹೋಗಿ

ಮೊದ್ಲು ನನ್ನ ಪೆದ್ದುತನದ ಕಥೆ ಹೇಳಿ ಮುಗಿಸ್ತೇನೆ. ಆರೇಳು ವರ್ಷ ಆಯ್ತು, ನಮ್ಮ ಕಾಸರಗೋಡಿನ ಉಪ್ಪಳದ ಹತ್ರ ಒಂದು 150 ಸಿಸಿ ಬೈಕ್ ಉಂಟು, ಒಬ್ಬನೇ ಓನರ್, ಹುಡುಗ ಗಲ್ಫಿಗೆ ಹೋಗುದು ಹಾಗಾಗಿ ಅರ್ಜೆಂಟಲ್ಲಿ ಕೊಡುದು ಅಂತ ಒಬ್ಬ ಬ್ರೋಕರ್ ಫೋನ್ ಮಾಡಿದ. ನಾನು ಸಂಜೆ ಕೆಲ್ಸ ಬಿಟ್ಟು ಬದಿಯಡ್ಕದಿಂದ ಬಸ್ ಹತ್ತಿ, ಕುಂಬಳೆಯಲ್ಲಿ ಇಳಿದು, ಇನ್ನೊಂದು ಬಸ್ ಹಿಡಿದು ಹೋದೆ. ಅಂಗಳದಲ್ಲಿ ಗಾಡಿ ಆಗಷ್ಟೇ ತೊಳೆದು ನಿಲ್ಲಿಸಿದ್ರು, ಟ್ಯಾಂಕಿಂದ ಇನ್ನೂ ನೀರು ಇಳೀತಾ ಇತ್ತು. ಸೆಲ್ಫ್ ಒತ್ತಿದ ಕೂಡ್ಲೆ ಸ್ಟಾರ್ಟ್, ಹೊಗೆ ಇಲ್ಲ, ಅಪಸ್ವರ ಇಲ್ಲ. ಬ್ರೋಕರ್ ಪಕ್ಕದಲ್ಲಿ ನಿಂತು "ಒರು ಕೊಳಪ್ಪವುಮಿಲ್ಲ" (ಎಂತ ತೊಂದ್ರೆಯೂ ಇಲ್ಲ) ಅಂತ ಮಲಯಾಳದಲ್ಲಿ ನಾಲ್ಕು ಸಲ ಹೇಳಿದ, ಅವ ಐದನೇ ಸಲ ಹೇಳುವ ಮೊದ್ಲೇ ನಾನು ಅಡ್ವಾನ್ಸ್ ಕೊಟ್ಟೆ.

ತಂದ ಮರುದಿನ ಬೆಳಿಗ್ಗೆ ಸ್ಟಾರ್ಟ್ ಮಾಡಿದ್ರೆ ಇಡೀ ಅಂಗಳ ನೀಲಿ ಹೊಗೆ. ಅಮ್ಮ ಒಳಗಿಂದ "ಎಂತ ಸುಡುದು ನೀನು ಬೆಳಿಗ್ಗೆ ಬೆಳಿಗ್ಗೆ" ಅಂತ ಕೇಳಿದ್ರು. ಬೋರ್ (ಪಿಸ್ಟನ್ ಓಡಾಡುವ ಸಿಲಿಂಡರ್) ಹೊಡೆಸಿ, ಪಿಸ್ಟನ್ ರಿಂಗ್ಸ್, ವಾಲ್ವ್ ಸೀಲ್ ಎಲ್ಲ ಹೊಸತು ಹಾಕಿಸುವಾಗ ಹನ್ನೊಂದು ಸಾವಿರ ಹೋಯ್ತು, ಅದು ಆಗಿನ ಲೆಕ್ಕ.

ಇದ್ರಲ್ಲಿ ತಮಾಷೆ ಎಂತ ಅಂದ್ರೆ ಸುಳಿವು ನನ್ನ ಕಣ್ಣೆದುರೇ ಇತ್ತು. ಟ್ಯಾಂಕ್ ಒದ್ದೆ, ಸೀಟ್ ಒದ್ದೆ, ಟಯರ್ ಒದ್ದೆ, ಆದ್ರೆ ಇಂಜಿನಿನ ಫಿನ್ನುಗಳ ಎಡೆಯಲ್ಲಿ ಒಂದು ತೊಟ್ಟು ನೀರಿಲ್ಲ, ಪೂರ್ತಿ ಒಣಗಿತ್ತು. ಅಂದ್ರೆ ನಾನು ಬರುವ ಮೊದ್ಲೇ ಅದನ್ನು ಚೆನ್ನಾಗಿ ಓಡಿಸಿ ಬಿಸಿ ಮಾಡಿ ಇಟ್ಟಿದ್ರು. ಕೈ ಹಚ್ಚಿ ನೋಡಿದ್ರೆ ಮುಗೀತಿತ್ತು.

ಹಾಗಾಗಿ ಈಗ ಯಾರು ಹಳೆ ಗಾಡಿ ನೋಡ್ಲಿಕ್ಕೆ ನನ್ನನ್ನು ಕರೆದ್ರೂ ಒಂದೇ ಶರ್ತ, ಹಿಂದಿನ ದಿನವೇ ಮಾರುವವ್ರಿಗೆ ಫೋನ್ ಮಾಡಿ "ನಾವು ಬೆಳಿಗ್ಗೆ ಏಳು ಗಂಟೆಗೆ ಬರ್ತೇವೆ, ಬರುವ ವರೆಗೆ ದಯವಿಟ್ಟು ಸ್ಟಾರ್ಟ್ ಮಾಡ್ಬೇಡಿ" ಅಂತ ಹೇಳ್ಬೇಕು. ಹೋದ ಕೂಡ್ಲೆ ಮೀಟರ್ ನೋಡುದಲ್ಲ, ಸ್ಟಿಕ್ಕರ್ ನೋಡುದಲ್ಲ, ಮಾತಾಡ್ತಾ ಮಾತಾಡ್ತಾ ಇಂಜಿನಿನ ಹತ್ರ ಅಂಗೈ ತನ್ನಿ, ಸುಡುದಿಲ್ಲ ಅಂತ ಗೊತ್ತಾದ್ಮೇಲೆ ಮುಟ್ಟಿ. ಬಿಸಿ ಇದ್ರೆ ಜಗಳ ಎಲ್ಲ ಬೇಡ, "ನಾಳೆ ಬರ್ತೇವೆ" ಅಂತ ಹೇಳಿ ವಾಪಸ್ ಬನ್ನಿ. ನಾಳೆಯೂ ಬಿಸಿ ಇದ್ರೆ ಆ ಗಾಡಿ ಬಿಟ್ಟು ಬಿಡಿ. "ಹಾಲು ತರ್ಲಿಕ್ಕೆ ಹೋಗಿದ್ದೆ" ಅಂತ ಒಂದು ಸಲ ನಿಜ ಇರ್ಬಹುದು, ಎರಡು ಸಲ ಇರ್ಲಿಕ್ಕಿಲ್ಲ.

ತಣ್ಣಗೆ ಇರುವಾಗ ಎಂತ ವಿಶೇಷ ಅಂತ ಕೇಳ್ಬಹುದು. ರಾತ್ರಿ ಇಡೀ ನಿಂತ ಇಂಜಿನಿನಲ್ಲಿ ಆಯಿಲ್ ಎಲ್ಲ ಕೆಳಗೆ ಇಳಿದಿರ್ತದೆ, ಪಿಸ್ಟನ್ ಬಿಸಿಗೆ ಹಿಗ್ಗದೆ ಇರ್ತದೆ, ಹಾಗಾಗಿ ಪಿಸ್ಟನಿಗೂ ಬೋರಿಗೂ ಮಧ್ಯ ಇರುವ ಜಾಗ ಆಗಲೇ ಜಾಸ್ತಿ. ಸವೆದ ವಾಲ್ವ್ ಸೀಲ್ ಇದ್ರೆ ಮೇಲಿನ ಆಯಿಲ್ ಸೀಲಿನ ಎಡೆಯಿಂದ ಜಾರಿ ಕೆಳಗೆ ಬಂದು ಕೂತಿರ್ತದೆ. ಎಲ್ಲ ರೋಗವೂ ಮೊದಲ ಎರಡು ನಿಮಿಷದಲ್ಲೇ ಮಾತಾಡುದು, ಬಿಸಿ ಆದ್ಮೇಲೆ ಅರ್ಧ ಬಾಯಿ ಮುಚ್ಚಿ ಕೂತ್ಕೊಳ್ತದೆ.

ಸ್ಟಾರ್ಟ್ ಮಾಡುವ ಮೊದ್ಲು

ಕೀ ಆಫ್ ಇಟ್ಟು ಕಿಕ್ಕರನ್ನು ಕೈಯಲ್ಲೇ ಮೆಲ್ಲ ಒತ್ತಿ ನೋಡಿ, ಒಂದು ಕಡೆ ಬಂದು ಗಟ್ಟಿ ನಿಲ್ಬೇಕು, ಅದು ಕಂಪ್ರೆಷನ್, ಅಂದ್ರೆ ಸಿಲಿಂಡರಿನೊಳಗೆ ಗಾಳಿ ಒತ್ತಿ ನಿಂತದ್ದು. ಬೆಣ್ಣೆಯಲ್ಲಿ ಕತ್ತಿ ಹೋದ ಹಾಗೆ ಕೆಳಗೆ ಇಳಿದ್ರೆ ರಿಂಗ್ಸ್ ಇಲ್ಲಾ ವಾಲ್ವ್ ಹೋಗಿದೆ ಅಂತ ಅರ್ಥ. ಈಗಿನ ತುಂಬ ಬೈಕಿಗೆ ಕಿಕ್ಕರೇ ಇಲ್ಲ, ಅಂಥದ್ರಲ್ಲಿ ಈ ಪರೀಕ್ಷೆ ಆಗುದಿಲ್ಲ, ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡುದೇ ದಾರಿ. ನಾನು ಯಾವಾಗಲೂ ಪ್ಲಗ್ ಸ್ಪ್ಯಾನರ್, ಟಾರ್ಚ್, ಹಳೆ ಬನಿಯನ್ ತುಂಡು, ಒಂದು ಉದ್ದದ ಸ್ಕ್ರೂಡ್ರೈವರ್, ಮತ್ತೆ ಒಂದು ಸಣ್ಣ ಮಲ್ಟಿಮೀಟರ್ ಚೀಲಕ್ಕೆ ಹಾಕಿ ಹೋಗುದು. ಪ್ಲಗ್ಗಿನ ತುದಿ ಬಿಸ್ಕೆಟಿನ ಬಣ್ಣದಲ್ಲಿ ಇದ್ರೆ ಒಳ್ಳೇದು. ಒಣಗಿದ ಕಪ್ಪು ಮಸಿ ಇದ್ರೆ ಪೆಟ್ರೋಲ್ ಜಾಸ್ತಿ ಹೋಗ್ತಾ ಉಂಟು, ಏರ್ ಫಿಲ್ಟರ್ ಕಟ್ಟಿರ್ಬಹುದು, ಕಾರ್ಬ್ಯುರೇಟರ್ ಟ್ಯೂನ್ ತಪ್ಪಿರ್ಬಹುದು, ಅದೆಲ್ಲ ಸಣ್ಣ ವಿಷಯ. ಒದ್ದೆ ಒದ್ದೆ ಕಪ್ಪು, ಮುಟ್ಟಿದ್ರೆ ಎಣ್ಣೆ ಜಿಡ್ಡು, ಆಗ ಆಯಿಲ್ ಮೇಲೆ ಬರ್ತಾ ಉಂಟು, ಅದು ಸಣ್ಣ ವಿಷಯ ಅಲ್ಲ. ಪ್ಲಗ್ ಹೊಚ್ಚ ಹೊಸತು ಫಳಫಳ ಇದ್ರೆ? ಅದೂ ಒಂದು ಸುದ್ದಿಯೇ, ನಿನ್ನೆ ಯಾಕೆ ಬದಲಾಯಿಸಿದ್ದು ಅಂತ ಕೇಳಿ.

ಆಯಿಲ್ ನೋಡುದು ಎಲ್ರಿಗೂ ಗೊತ್ತುಂಟು, ಆದ್ರೆ ಬಣ್ಣ ಕಪ್ಪು ಅಂತ ಹೆದ್ರುದು ಬೇಡ, ಓಡಿದ ಗಾಡಿಯ ಆಯಿಲ್ ಕಪ್ಪೇ ಇರುದು. ಹೆದ್ರಬೇಕಾದ್ದು ಹಾಲು ಹಾಕಿದ ಚಾಯದ ಬಣ್ಣಕ್ಕೆ, ಅಂದ್ರೆ ಒಳಗೆ ನೀರು ಸೇರಿದೆ. ಮಳೆಗಾಲದಲ್ಲಿ ತೋಡು ದಾಟಿಸುವಾಗ ಗಾಡಿ ಮುಳುಗಿದ್ರೂ ಹೀಗಾಗ್ತದೆ, ಲಿಕ್ವಿಡ್ ಕೂಲ್ಡ್ ಗಾಡಿಯಾದ್ರೆ ಕೂಲೆಂಟ್ ಒಳಗೆ ಸೋರಿದ್ರೂ ಆಗ್ತದೆ. ಎರಡು ಬೆರಳಿನ ಮಧ್ಯ ಒಂದು ತೊಟ್ಟು ತಿಕ್ಕಿ ಬಿಸಿಲಿಗೆ ಹಿಡೀರಿ, ಮಿನುಗುವ ಪುಡಿ ಕಂಡ್ರೆ ಒಳಗೆ ಎಂತದೋ ಸವೀತಾ ಉಂಟು. ಮತ್ತೆ ಆಯಿಲ್ ಜೇನುತುಪ್ಪದ ಹಾಗೆ ದಪ್ಪ ಇದ್ರೆ ಸೌಂಡ್ ಮುಚ್ಚಲಿಕ್ಕೆ ದಪ್ಪ ಗ್ರೇಡ್ ಸುರಿದಿರ್ತಾರೆ. ಹಾಗೇ ಬಗ್ಗಿ ಆಯಿಲ್ ಇಳಿಸುವ ಡ್ರೈನ್ ಬೋಲ್ಟಿನ ಸುತ್ತ ನೋಡಿ, ಎಂ-ಸೀಲ್ ಮೆತ್ತಿದ್ರೆ ಥ್ರೆಡ್ ಹೋಗಿದೆ.

ಹೊಗೆಯ ಬಣ್ಣ, ಹೊಗೆಯ ಟೈಮ್

ಈಗ ಸ್ಟಾರ್ಟ್ ಮಾಡಿ. ಮಾರುವವ್ರಲ್ಲ, ನೀವೇ ಮಾಡಿ. ಮತ್ತೊಬ್ಬ ಹಿಂದೆ ನಿಂತು ಸೈಲೆನ್ಸರಿನ ಬಾಯಿ ನೋಡ್ಲಿ, ಒಬ್ಬನೇ ಹೋದ್ರೆ ಇದು ಆಗುದಿಲ್ಲ ಹಾಗಾಗಿ ಭಾವನನ್ನೋ ತಮ್ಮನನ್ನೋ ಕರ್ಕೊಂಡು ಹೋಗಿ.

ಜೂನ್ ಜುಲೈಯ ಬೆಳಿಗ್ಗೆ ತೆಳು ಬಿಳಿ ಹಬೆ ಬಂದು ಒಂದೆರಡು ನಿಮಿಷದಲ್ಲಿ ನಿಂತ್ರೆ ಅದು ಸೈಲೆನ್ಸರ್ ಒಳಗಿನ ನೀರು, ಬಿಟ್ಟು ಬಿಡಿ. ಕಪ್ಪು ಹೊಗೆ ಬಂದ್ರೆ ಪೆಟ್ರೋಲ್ ಜಾಸ್ತಿ, ಮೇಲೆ ಹೇಳಿದ್ದೇ. ವಿಷಯ ಇರುದು ನೀಲಿಯಲ್ಲಿ. ನೀಲಿ ಅಂದ್ರೆ ಆಯಿಲ್ ಸುಡ್ತಾ ಉಂಟು, ಅದು ಎಲ್ರೂ ಹೇಳ್ತಾರೆ, ಆದ್ರೆ ಯಾವಾಗ ಬರ್ತದೆ ಅಂತ ನೋಡಿದ್ರೆ ಎಲ್ಲಿಂದ ಬರ್ತದೆ ಅಂತ ಗೊತ್ತಾಗ್ತದೆ. ಸ್ಟಾರ್ಟ್ ಆಗುವಾಗ ಮಾತ್ರ ಒಂದು ಭುಸ್ ಅಂತ ಬಂದು ಕ್ಲಿಯರ್ ಆದ್ರೆ ವಾಲ್ವ್ ಸೀಲ್, ರಾತ್ರಿ ಜಾರಿದ ಆಯಿಲ್ ಸುಟ್ಟು ಹೋದದ್ದು. ಆಕ್ಸಿಲರೇಟರ್ ಜಗ್ಗಿದಾಗೆಲ್ಲ ಬಂದು ಬಿಸಿ ಆದ್ಮೇಲೂ ನಿಲ್ಲದಿದ್ರೆ ರಿಂಗ್ಸ್, ಬೋರ್. ಇಳಿಜಾರಿನಲ್ಲಿ ಗೇರಲ್ಲೇ ಆಕ್ಸಿಲರೇಟರ್ ಬಿಟ್ಟು ಇಳಿದು, ಕೆಳಗೆ ಬಂದು ಪುನಃ ತಿರುಗಿಸುವಾಗ ಒಂದು ಮುದ್ದೆ ನೀಲಿ ಹೊಗೆ ಬಂದ್ರೆ ವಾಲ್ವ್ ಗೈಡ್ ಇಲ್ಲಾ ಸೀಲ್. ನಮ್ಮೂರಲ್ಲಿ ಇಳಿಜಾರಿಗೆ ಎಂತ ಬರಗಾಲ, ಪೆರ್ಲ ರಸ್ತೆಯಲ್ಲೋ ಪೊಸಡಿ ಗುಂಪೆಯ ಕಡೆಯೋ ಹೋದ್ರೆ ಎರಡೂ ಪರೀಕ್ಷೆ ಒಟ್ಟಿಗೆ ಆಗ್ತದೆ. ಸೀಲ್ ಮಾತ್ರ ಆದ್ರೆ ರೇಟ್ ಕಮ್ಮಿ ಮಾಡಿಸಿ ತಗೊಳ್ಬಹುದು, ರಿಂಗ್ಸ್ ಬೋರ್ ಆದ್ರೆ ಆ ಖರ್ಚನ್ನು ಪೂರ್ತಿ ಕಳೆದು ಮಾತಾಡಿ. ಹಳೆ ಟೂ ಸ್ಟ್ರೋಕ್ ಗಾಡಿಗೆ ಇದು ಯಾವ್ದೂ ಅನ್ವಯ ಇಲ್ಲ, ಅದು ಆಯಿಲ್ ಕುಡಿದು ಹೊಗೆ ಬಿಡುದೇ ಅದರ ಧರ್ಮ.

ಸೌಂಡ್

ಇದನ್ನು ನನಗೆ ಕಲಿಸಿದ್ದು ನಮ್ಮ ಪೇಟೆಯ ಮೆಕ್ಯಾನಿಕ್, ಅವ್ರನ್ನು ಊರಲ್ಲಿ ಹಿಂದೂ ಮುಸ್ಲಿಂ ಅಂತ ಇಲ್ಲ ಎಲ್ರೂ ಇಚ್ಚ (ಅಣ್ಣ) ಅಂತ್ಲೇ ಕರೆಯುದು. ಇಚ್ಚ ಉದ್ದದ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನಿನ ಮೇಲೆ ಒತ್ತಿ, ಹಿಡಿಯನ್ನು ಕಿವಿಯ ಮುಂದಿನ ಎಲುಬಿಗೆ ಆನಿಸಿ, ಕಣ್ಣು ಮುಚ್ಚಿ ಕೂತ್ಕೊಳ್ತಾರೆ, ಡಾಕ್ಟ್ರು ನೋಡಿದ ಹಾಗೆ. ನಾನೂ ಮಾಡಿ ನೋಡಿದೆ, ನಿಜಕ್ಕೂ ಯಾವ ಮೂಲೆಯಿಂದ ಬರುದು ಅಂತ ಬೇರೆ ಬೇರೆ ಕೇಳ್ತದೆ. ಚೈನ್ ಮತ್ತೆ ತಿರುಗುವ ಭಾಗದಿಂದ ದೂರ ಇಟ್ಟು ಮಾಡಿ ಆಯ್ತಾ.

ಮೇಲೆ ಹೆಡ್ಡಿನಲ್ಲಿ ಹೊಲಿಗೆ ಮಿಷಿನ್ ಹಾಗೆ ಟಿಕ್ ಟಿಕ್ ಟಿಕ್ ಅಂದ್ರೆ ವಾಲ್ವ್ ಒತ್ತುವ ಟ್ಯಾಪೆಟ್, ಅಡ್ಜಸ್ಟ್ ಮಾಡಿದ್ರೆ ಮುಗೀತು. ತಣ್ಣಗಿರುವಾಗ ಸ್ಟಾರ್ಟ್ ಮಾಡಿದ ಕೂಡ್ಲೆ ಸೈಡಿನಲ್ಲಿ ಕರಕರ ಅಂತ ಡಬ್ಬಿಯಲ್ಲಿ ಚೈನ್ ಅಲ್ಲಾಡಿಸಿದ ಹಾಗೆ ಬಂದು ಮತ್ತೆ ಕಮ್ಮಿ ಆದ್ರೆ ಒಳಗೆ ವಾಲ್ವ್ ನಡೆಸುವ ಟೈಮಿಂಗ್ ಚೈನ್ ಸಡಿಲ, ಅದನ್ನು ಬಿಗಿ ಹಿಡಿಯುವ ಟೆನ್ಷನರ್ ಸೋತಿದೆ. ತಣ್ಣಗಿರುವಾಗ ಪಟಪಟ ಅಂತ ಬಡಿದು ಬಿಸಿ ಆದ್ಮೇಲೆ ಮಾಯ ಆದ್ರೆ ಪಿಸ್ಟನ್ ಬೋರಿನಲ್ಲಿ ಅಲ್ಲಾಡ್ತಾ ಉಂಟು. ನೋಡಿ, ಈ ಎರಡೂ ಬಿಸಿ ಇಂಜಿನಿನಲ್ಲಿ ನಿಮಗೆ ಕೇಳ್ಲಿಕ್ಕೇ ಸಿಗ್ಲಿಕ್ಕಿಲ್ಲ. ಕ್ಲಚ್ ಹಿಡಿದ್ರೆ ನಿಂತು ಬಿಟ್ರೆ ಬರುವ ಸೌಂಡ್ ಕ್ಲಚ್ ಇಲ್ಲಾ ಗೇರ್ ಬಾಕ್ಸ್ ಕಡೆಯದ್ದು. ಕೊನೆಗೆ ಒಂದು ಉಂಟು, ಅದು ಕೆಳಗಿಂದ, ಹೊಟ್ಟೆಯಿಂದ ಬರುದು, ಟೊಕ್ ಟೊಕ್ ಅಂತ ಮರದ ಕೊರಡಿಗೆ ಬಡಿದ ಹಾಗೆ, ಏರಿನಲ್ಲಿ ಲೋಡ್ ಬಿದ್ದಾಗ ಜಾಸ್ತಿ ಆಗುದು. ಅದು ಕನೆಕ್ಟಿಂಗ್ ರಾಡಿನ ಬೇರಿಂಗ್. ಅದಕ್ಕೆ ಕ್ರ್ಯಾಂಕ್ ಹೊರಗೆ ತೆಗೀಬೇಕು, ಅಂದ್ರೆ ಇಡೀ ಇಂಜಿನ್ ಬಿಚ್ಚಬೇಕು. ಅಂಥ ಗಾಡಿ ಫ್ರೀ ಕೊಟ್ರೂ ಬೇಡ.

ನೀಲಿ ಕಲೆ ಇದ್ದ ಬೈಕ್

ಹೋದ ಮಳೆಗಾಲ ನನ್ನ ಭಾವನಿಗೆ ಒಂದು 100 ಸಿಸಿ ಬೈಕ್ ಬೇಕಿತ್ತು, ಗಡಿ ದಾಟಿ ಅಡ್ಯನಡ್ಕದ ಹತ್ರ ಒಂದು ಕೆಎ 19 ರಿಜಿಸ್ಟ್ರೇಷನಿನ ಗಾಡಿ ಉಂಟು ಅಂತ ಗೊತ್ತಾಗಿ ಬೆಳಿಗ್ಗೆ ಬೇಗ ಹೋದೆವು. ಒಳ್ಳೆ ಜನ, ಇಂಜಿನ್ ತಣ್ಣಗಿತ್ತು, ಕಿಕ್ ಗಟ್ಟಿ, ಹೊಗೆ ಇಲ್ಲ, ಟ್ಯಾಪೆಟ್ ಸ್ವಲ್ಪ ಟಿಕ್ ಅಷ್ಟೆ. ಭಾವ ಆಗಲೇ ಕಿಸೆಗೆ ಕೈ ಹಾಕಿ ಆಗಿತ್ತು. ನಾನು ಟಾರ್ಚ್ ಹಿಡಿದು ಸೀಟ್ ಬಿಚ್ಚಿ ನೋಡಿದ್ರೆ ಕ್ಯಾರಿಯರಿನ ಬುಡದಲ್ಲಿ, ಹಿಂದಿನ ಮಡ್‌ಗಾರ್ಡಿನ ಮಡಿಕೆಯಲ್ಲಿ, ತೆಳು ನೀಲಿ ಹಸಿರು ಕಲೆ, ಒಣಗಿ ಸುಣ್ಣದ ಹಾಗೆ ಹಿಡಿದಿದೆ.

ಅಡಿಕೆ ತೋಟ ಇರುವವ್ರಿಗೆ ಅದು ಎಂತ ಅಂತ ಹೇಳ್ಬೇಕಾದ್ದಿಲ್ಲ, ಮೈಲುತುತ್ತು. ಕೊಳೆರೋಗಕ್ಕೆ ಬೋರ್ಡೋ (ಮೈಲುತುತ್ತು, ಸುಣ್ಣ ಸೇರಿಸಿದ ಮದ್ದು) ಬಿಡುವ ಸೀಸನಿನಲ್ಲಿ ಕ್ಯಾನನ್ನು ಹಿಂದೆ ಕಟ್ಟಿ ಈ ಬೈಕಲ್ಲೇ ತೋಟಕ್ಕೆ ಸಾಗಿಸಿದ್ದಾರೆ. ಮದ್ದು ಸರಿ ಆಗಿದ್ಯಾ ಅಂತ ನೋಡ್ಲಿಕ್ಕೆ ಕಬ್ಬಿಣದ ಕತ್ತಿ ಅದ್ದಿ ನೋಡುದುಂಟಲ್ಲ, ಸುಣ್ಣ ಕಮ್ಮಿ ಆದ್ರೆ ಕತ್ತಿಯ ಮೇಲೆ ತಾಮ್ರದ ಕೆಂಪು ಕೂತ್ಕೊಳ್ತದೆ, ಅಂದ್ರೆ ಕಬ್ಬಿಣ ಕರಗಿ ಆ ಜಾಗಕ್ಕೆ ತಾಮ್ರ ಬಂದದ್ದು. ತುತ್ತಿನ ನೀರು ಚೆಲ್ಲಿದ್ರೆ ಬೈಕಿನ ಫ್ರೇಮಿಗೂ ಅದೇ ಗತಿ. ಕಲೆಯ ಕೆಳಗೆ ಹೊಸ ಕಪ್ಪು ಪೈಂಟ್ ಹೊಡೆದಿತ್ತು, ಪೈಂಟಿನಲ್ಲಿ ಸಣ್ಣ ಸಣ್ಣ ಗುಳ್ಳೆ, ಸ್ಕ್ರೂಡ್ರೈವರಿನ ತುದಿಯಲ್ಲಿ ಮೆಲ್ಲ ಒತ್ತಿದ್ರೆ ಪದರ ಪದರ ಎದ್ದು ಬಂತು. ಹಿಂದಿನ ಶಾಕ್ ಅಬ್ಸಾರ್ಬರ್ ಕೂತ್ಕೊಳ್ಳುವ ಜಾಗದ ಹತ್ರವೇ. ಇಂಜಿನ್ ಚಂದ ಇದ್ರೂ ಫ್ರೇಮ್ ಹೋದ ಗಾಡಿ ಬೇಡ ಅಂತ ವಾಪಸ್ ಬಂದೆವು, ಆ ಮನೆಯವ್ರು ಚಾಯ ಕೊಟ್ಟೇ ಕಳಿಸಿದ್ರು, ಅವ್ರಿಗೂ ಪೈಂಟಿನ ಅಡಿಯಲ್ಲಿ ಹಾಗೆ ಉಂಟು ಅಂತ ಗೊತ್ತಿರ್ಲಿಲ್ವೋ ಏನೋ.

ಹಾಗಾಗಿ ನಮ್ಮ ಕಡೆಯ ಗಾಡಿ ಅಂದ್ರೆ ಅದು ಎಲ್ಲಿ ದುಡಿದದ್ದು ಅಂತ ಮೊದ್ಲು ಕೇಳಿ. ತೋಟದ್ದಾದ್ರೆ ಹಿಂದಿನ ಭಾಗ ನೋಡಿ, ಅಡಿಕೆ ಗೋಣಿ ಹೊತ್ತು ಹೊತ್ತು ಶಾಕ್ ಕುಸಿದಿರ್ತದೆ, ಕೂತು ಎದ್ರೆ ಎರಡು ಮೂರು ಸಲ ಕುಣೀತದೆ. ರಬ್ಬರ್ ತೋಟದ್ದಾದ್ರೆ ಆಸಿಡ್ ಕ್ಯಾನ್ ಹೊತ್ತಿರ್ತದೆ, ಅದೂ ತುಕ್ಕೇ. ಮಂಜೇಶ್ವರ, ಉಪ್ಪಳ, ಕುಂಬಳೆಯ ಕಡಲ ಬದಿಯ ಗಾಡಿಯಾದ್ರೆ ಉಪ್ಪುಗಾಳಿ, ಅಲ್ಲಿ ಸೈಲೆನ್ಸರಿನ ಅಡಿ, ಸ್ಪೋಕ್ಸ್, ಬ್ಯಾಟರಿ ಬಾಕ್ಸ್, ವಯರಿಂಗಿನ ಕಪ್ಲರ್ ಬಿಚ್ಚಿ ಒಳಗೆ ಹಸಿರು ಹಿಡಿದಿದ್ಯಾ ಅಂತ ನೋಡ್ಬೇಕು.

ಬಿದ್ದ ಗಾಡಿ

ಆಕ್ಸಿಡೆಂಟ್ ಆದ ಗಾಡಿಗೆ ಹೊಸ ಪೈಂಟ್ ಹೊಡೆದ್ರೆ ಚಂದ ಕಾಣ್ತದೆ, ಆದ್ರೆ ಹ್ಯಾಂಡಲ್ ಪೂರ್ತಿ ತಿರುಗಿಸಿದಾಗ ಬಂದು ತಾಗುವ ಸಣ್ಣ ಕಬ್ಬಿಣದ ತುಂಡು ಉಂಟಲ್ಲ, ಸ್ಟೀರಿಂಗಿನ ಬುಡದಲ್ಲಿ, ಅದಕ್ಕೆ ಯಾರೂ ಮೇಕಪ್ ಮಾಡುದಿಲ್ಲ. ಅದು ಜಜ್ಜಿ ಹೋಗಿದ್ರೆ, ಒಡೆದು ಪುನಃ ವೆಲ್ಡಿಂಗ್ ಮಾಡಿದ್ರೆ, ಮುಂದಿಂದ ಗಟ್ಟಿ ಹೊಡೆದಿದೆ ಅಂತ ಲೆಕ್ಕ. ಸೆಂಟರ್ ಸ್ಟ್ಯಾಂಡ್ ಹಾಕಿ ಮುಂದಿನ ಚಕ್ರ ಮೇಲೆ ಎತ್ತಿ ಹ್ಯಾಂಡಲನ್ನು ಬೆರಳಲ್ಲಿ ಮೆಲ್ಲ ತಿರುಗಿಸಿ, ಮಧ್ಯ ಬಂದಾಗ ಹಳ್ಳಕ್ಕೆ ಬಿದ್ದ ಹಾಗೆ ನಿಂತ್ರೆ ಕೋನ್ ಸೆಟ್, ಅಂದ್ರೆ ಹ್ಯಾಂಡಲ್ ತಿರುಗುವ ಬೇರಿಂಗ್, ಹೋಗಿದೆ, ಇದು ದೊಡ್ಡ ಖರ್ಚಲ್ಲ. ಮುಂದಿನ ಬ್ರೇಕ್ ಹಿಡಿದು ಗಾಡಿ ಹಿಂದೆ ಮುಂದೆ ಅಲ್ಲಾಡಿಸಿದ್ರೆ ಟಕ್ ಅಂದ್ರೂ ಅದೇ, ಇಲ್ಲಾ ಫೋರ್ಕಿನ ಬುಷ್. ಹಿಂದಿನ ಚಕ್ರವನ್ನು ಆಚೆ ಈಚೆ ಎಳೀರಿ, ಆಡಿದ್ರೆ ಸ್ವಿಂಗ್ ಆರ್ಮ್ ಬುಷ್ ಇಲ್ಲಾ ವೀಲ್ ಬೇರಿಂಗ್. ಮತ್ತೆ ಹತ್ತಡಿ ಹಿಂದೆ ಹೋಗಿ ಕೂತು ನೋಡಿ, ಎರಡೂ ಚಕ್ರ ಒಂದೇ ಗೆರೆಯಲ್ಲಿ ನಿಲ್ಬೇಕು. ಡೌಟ್ ಇದ್ರೆ ಒಂದು ನೂಲು ಹಿಂದಿನ ಟಯರಿನ ಎರಡೂ ಬದಿಯಿಂದ ಮುಂದಕ್ಕೆ ಎಳೆದು ಹಿಡಿದ್ರೆ ಅಂತರ ಸಮ ಉಂಟಾ ಇಲ್ವಾ ಅಂತ ಗೊತ್ತಾಗ್ತದೆ.

ಚೈನ್ ಸ್ಪ್ರಾಕೆಟ್ ಕಣ್ಣಲ್ಲೇ ಗೊತ್ತಾಗ್ತದೆ, ಹಲ್ಲು ಮೀನಿನ ಗಾಳದ ಹಾಗೆ ಒಂದೇ ಕಡೆ ಬಗ್ಗಿದ್ರೆ ಬದಲಾಯಿಸ್ಬೇಕು.

ಮೀಟರಿನ ಕಿಲೋಮೀಟರ್ ಬಗ್ಗೆ ನನ್ನ ಅಭಿಪ್ರಾಯ ಕೇಳಿದ್ರೆ ನಂಬುದೇ ಬೇಡ. ಕೇಬಲಿನದ್ದಾದ್ರೆ ಕೇಬಲ್ ಬಿಚ್ಚಿ ಓಡಿಸ್ತಾರೆ, ಡಿಜಿಟಲ್ ಆದ್ರೂ ತಿದ್ದುವವ್ರು ಇದ್ದಾರೆ. ದಿನಕ್ಕೆ 20 ಕಿಲೋಮೀಟರ್ ಓಡಿದ್ರೂ ವರ್ಷಕ್ಕೆ ಆರು ಸಾವಿರದ ಮೇಲೆ ಆಗ್ತದೆ, ಏಳು ವರ್ಷದ ಗಾಡಿ 14,000 ತೋರಿಸಿದ್ರೆ ಮನೆಯೊಳಗೆ ಇಟ್ಟಿದ್ರಾ ಅಂತ ಕೇಳ್ಬೇಕಾಗ್ತದೆ. ಗೇರ್ ಲಿವರಿನ ರಬ್ಬರ್, ಬ್ರೇಕ್ ಪೆಡಲ್, ಫುಟ್‌ರೆಸ್ಟ್ ನೋಡಿ, ಅವು ಸುಳ್ಳು ಹೇಳುದಿಲ್ಲ. ಟಯರಿನ ಬದಿಯಲ್ಲಿ ನಾಲ್ಕು ಅಂಕೆ ಇರ್ತದೆ, 2319 ಅಂದ್ರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಗಾಡಿ 2019ರದ್ದು, ಮೀಟರ್ 9,000, ಟಯರ್ ಮಾತ್ರ 2023ರದ್ದು ಅಂದ್ರೆ ಮೊದಲಿನ ಟಯರ್ ಎಲ್ಲಿ ಸವೆದದ್ದು?

ಕರೆಂಟಿನ ಕೆಲಸ, ಮತ್ತೆ ಓಡಿಸಿ ನೋಡುದು

ಮಲ್ಟಿಮೀಟರ್ ಬ್ಯಾಟರಿಗೆ ಹಿಡೀರಿ, ಗಾಡಿ ಆಫ್ ಇರುವಾಗ 12.4ರಿಂದ 12.7 ವೋಲ್ಟ್ ಇರ್ಬೇಕು, ಸ್ಟಾರ್ಟ್ ಮಾಡಿ ಸ್ವಲ್ಪ ರೇಸ್ ಕೊಟ್ರೆ 13.5ರಿಂದ 14.5ರ ಒಳಗೆ ಏರ್ಬೇಕು. ಏರದಿದ್ರೆ ಚಾರ್ಜಿಂಗ್ ಇಲ್ಲ, ಕಾಯಿಲೋ ರೆಗ್ಯುಲೇಟರೋ ಹೋಗಿದೆ. 15 ದಾಟಿದ್ರೂ ರೆಗ್ಯುಲೇಟರೇ, ಬಲ್ಬು ಬ್ಯಾಟರಿ ಎರಡನ್ನೂ ತಿಂದು ಹಾಕ್ತದೆ.

2020ರ ಏಪ್ರಿಲ್ ನಂತರದ ಬಿಎಸ್ 6 (ಹೊಗೆ ಮಾಲಿನ್ಯದ ಹೊಸ ನಿಯಮದ) ಗಾಡಿಗಳಲ್ಲಿ ಹೆಚ್ಚಿನದ್ರಲ್ಲಿ ಕಾರ್ಬ್ಯುರೇಟರ್ ಹೋಗಿ ಫ್ಯೂಯಲ್ ಇಂಜೆಕ್ಷನ್ ಬಂದಿದೆ, ಅದರಲ್ಲಿ ಇಂಜಿನ್ ಚಿತ್ರದ ಒಂದು ಹಳದಿ ಲೈಟ್ ಇರ್ತದೆ. ಎಲ್ರೂ ಅದು ಉರೀತಾ ಉಂಟಾ ಅಂತ ನೋಡುದು, ನೀವು ಅದು ಉರಿಯುದೇ ಇಲ್ವಾ ಅಂತ ನೋಡಿ. ಕೀ ಆನ್ ಮಾಡಿದ ಕೂಡ್ಲೆ ಅದು ಒಮ್ಮೆ ಉರೀಬೇಕು, ಸ್ಟಾರ್ಟ್ ಆದ್ಮೇಲೆ ಆರ್ಬೇಕು. ಕೀ ಆನ್ ಮಾಡಿದ್ರೂ ಬರದಿದ್ರೆ ಯಾರೋ ಅದರ ಬಾಯಿ ಮುಚ್ಚಿಸಿದ್ದಾರೆ. ಎಬಿಎಸ್ (ಬ್ರೇಕ್ ಹಿಡಿದಾಗ ಚಕ್ರ ಜಾಮ್ ಆಗದ ಹಾಗೆ ಮಾಡುವ ವ್ಯವಸ್ಥೆ) ಲೈಟೂ ಹಾಗೇ, ಕೀ ಆನ್ ಮಾಡಿದಾಗ ಬಂದು ಗಾಡಿ ಸ್ವಲ್ಪ ಮುಂದೆ ಹೋದ್ಮೇಲೆ ಆರುದು ಸರಿ.

ಓಡಿಸುವಾಗ ಏರಿನಲ್ಲಿ ಮೂರನೇ ಗೇರಿಗೆ ಹಾಕಿ ಆಕ್ಸಿಲರೇಟರ್ ಪೂರ್ತಿ ಕೊಡಿ, ಇಂಜಿನ್ ಬೊಬ್ಬೆ ಹೊಡೆದು ಗಾಡಿ ಮುಂದೆ ಹೋಗದಿದ್ರೆ ಕ್ಲಚ್ ಪ್ಲೇಟ್ ಮುಗಿದಿದೆ. ಎರಡನೇ ಗೇರಿನಲ್ಲಿ ಜಗ್ಗಿ, ಸಡನ್ ಬಿಟ್ಟು, ಪುನಃ ಜಗ್ಗಿ, ಗೇರ್ ತಾನಾಗಿ ನ್ಯೂಟ್ರಲಿಗೆ ಹಾರಿದ್ರೆ ಗೇರ್ ಬಾಕ್ಸಿನ ಕೆಲಸ, ಅದು ದೊಡ್ಡದು. ಕೇಬಲ್, ಬ್ರೇಕ್ ಶೂ, ಬಲ್ಬ್ ಇದಕ್ಕೆಲ್ಲ ಮಂಡೆಬಿಸಿ ಬೇಡ.

ಪೇಪರ್ ಬಗ್ಗೆ ಎರಡೇ ಮಾತು. ಚಾಸಿ ನಂಬರ್, ಇಂಜಿನ್ ನಂಬರ್ ಎರಡನ್ನೂ ನೀವೇ ಉಜ್ಜಿ ಓದಿ ಆರ್‌ಸಿಗೆ ತಾಳೆ ನೋಡಿ, ನಂಬರನ್ನು ಅರದಲ್ಲಿ ತಿಕ್ಕಿದ ಗುರುತು ಇದ್ರೆ ಅಲ್ಲಿಂದ್ಲೇ ಬಸ್ ಹತ್ತಿ. ಕರ್ನಾಟಕದ ಕೆಎ ಗಾಡಿಯನ್ನು ನಮ್ಮ ಕಾಸರಗೋಡಿನ ಕೆಎಲ್ 14 ಮಾಡ್ಬೇಕಾದ್ರೆ ಅಲ್ಲಿಯ ಆರ್‌ಟಿಓದಿಂದ ಎನ್‌ಓಸಿ, ಅಂದ್ರೆ ಫಾರ್ಮ್ 28, ಬೇಕು, ಮತ್ತೆ ಕೇರಳದ ಟ್ಯಾಕ್ಸ್ ಕಟ್ಬೇಕು. ಬೇರೆ ರಾಜ್ಯದ ನಂಬರಿನಲ್ಲೇ 12 ತಿಂಗಳಿಗಿಂತ ಜಾಸ್ತಿ ಇಟ್ಕೊಳ್ಳುವ ಹಾಗಿಲ್ಲ, ಹಾಗಾಗಿ ಆ ಖರ್ಚನ್ನೂ ಗಾಡಿಯ ರೇಟಿಗೆ ಸೇರಿಸಿಯೇ ಮಾತಾಡಿ. ಲೋನ್ ಇದ್ದ ಗಾಡಿಯಾದ್ರೆ ಬ್ಯಾಂಕಿನ ಹೆಸ್ರು ಆರ್‌ಸಿಯಿಂದ ತೆಗೆಸದೆ ಪೂರ್ತಿ ದುಡ್ಡು ಕೊಡ್ಬೇಡಿ, ಸರ್ಕಾರದ ಪರಿವಾಹನ್ ಸೈಟಿನಲ್ಲಿ ಬಾಕಿ ಇ-ಚಲನ್ ಉಂಟಾ ಅಂತ ಕೂಡ ನೋಡಿ.

ಮತ್ತೆ ಅಡ್ವಾನ್ಸ್ ಕೊಡುವ ಮೊದ್ಲು ಮೊಬೈಲಲ್ಲಿ ಫೋಟೋ ತೆಗೀರಿ. ಗಾಡಿದಲ್ಲ, ಟಯರಿನ ನಾಲ್ಕು ಅಂಕೆಯದ್ದು, ಬ್ಯಾಟರಿಯ ಸ್ಟಿಕ್ಕರಿನದ್ದು, ಮೀಟರಿನದ್ದು. ಭಾವ ಕೊನೆಗೆ ಮುಳ್ಳೇರಿಯದ ಹತ್ರ ಒಂದು ಗಾಡಿ ತಗೊಂಡ, ಇಂಜಿನ್ ಚಂದ, ಫ್ರೇಮ್ ಚಂದ, ಬ್ಯಾಟರಿ ಆರೇ ತಿಂಗಳು ಹಳತು. ನಾಲ್ಕು ದಿನ ಬಿಟ್ಟು ಬಾಕಿ ದುಡ್ಡು ಹಿಡ್ಕೊಂಡು ಹೋಗಿ ಸೆಲ್ಫ್ ಒತ್ತಿದ್ರೆ ಗಾಡಿ ಕೆಮ್ಮಿತು. ಸೈಡ್ ಕವರ್ ತೆಗೆದು ನೋಡಿದ್ರೆ ಬೇರೆ ಕಂಪನಿಯ ಹಳೆ ಬ್ಯಾಟರಿ ಕೂತಿತ್ತು. ನಾನು ಏನೂ ಹೇಳದೆ ಮೊಬೈಲಿನ ಫೋಟೋ ತೋರಿಸಿದೆ. ಮಾರುವವ ಒಂದು ನಿಮಿಷ ಫೋಟೋ ನೋಡಿದ, ಭಾವನ ಕೈಯಲ್ಲಿದ್ದ ದುಡ್ಡು ನೋಡಿದ, ಒಳಗೆ ಹೋಗಿ ಆ ಬ್ಯಾಟರಿ ತಂದು "ಚಾರ್ಜಿಗೆ ಇಟ್ಟದ್ದು ಮಾರಾಯ್ರೆ, ಹೇಳ್ಲಿಕ್ಕೆ ಮರೆತೆ" ಅಂದ.